ಅಕಾಲದ ಹಿಮ, ಸಕಾಲದ ವಿವೇಕ

ಮಳೆಗಾಲವು ಹಿಂದೆ ಸರಿದು ಶರದೃತುವು ಕಾಲಿರಿಸಿದೊಡನೆ ಹಿಮಾಲಯದ ಆಕಾಶವು ತೊಳೆದಿಟ್ಟ ಕನ್ನಡಿಯಂತಾಗುತ್ತದೆ. ಮೂರು ನಾಲ್ಕು ತಿಂಗಳ ಕಾಲ ಮೋಡದ ಮರೆಯಲ್ಲಿದ್ದ ಶಿಖರಗಳು ಒಂದೊಂದಾಗಿ ಪ್ರಕಟವಾಗುತ್ತವೆ. ಹೊಳೆಗಳ ಸೊಕ್ಕು ಇಳಿಯುತ್ತದೆ; ಜಾರುವ ದಾರಿಗಳು ಒಣಗುತ್ತವೆ; ಹಗಲಿನ ಬಿಸಿಲು ಮೈಗೆ ಹಿತವಾಗಿರುತ್ತದೆ. ದಸರೆಯಿಂದ ದೀಪಾವಳಿಯವರೆಗಿನ ಇದೇ ಅವಧಿಯಲ್ಲಿ ಶಾಲೆಗಳಿಗೂ ಕಚೇರಿಗಳಿಗೂ ರಜೆ ದೊರೆಯುವುದರಿಂದ ದಕ್ಷಿಣದ ಊರುಗಳಿಂದ ಯಾತ್ರಿಕರೂ ಚಾರಣಿಗರೂ ಗುಂಪುಗುಂಪಾಗಿ ಉತ್ತರದ ಬೆಟ್ಟಗಳತ್ತ ಹೊರಡುತ್ತಾರೆ. ಕಾಲವು ಅನುಕೂಲವಾಗಿದೆ ಎಂಬ ಅವರ ನಂಬಿಕೆಯು ಸುಳ್ಳಲ್ಲ. ಬಹುಪಾಲು ವರ್ಷಗಳಲ್ಲಿ ಅದು ನಿಜವೇ ಆಗುತ್ತದೆ. ಆದರೆ ಬಹುಪಾಲು ನಿಜವಾಗುವ ನಂಬಿಕೆಯು ಒಂದು ದಿನ ಹುಸಿಯಾದಾಗ ಮನುಷ್ಯನನ್ನು ಎಷ್ಟು ನಿರಾಯುಧನನ್ನಾಗಿ ಮಾಡಬಲ್ಲುದು ಎಂಬುದಕ್ಕೆ ಋತುವಿನ ಆರಂಭದಲ್ಲಿ ಬಂದೆರಗುವ ಹಿಮಬಿರುಗಾಳಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ನಡುಚಳಿಗಾಲದ ಹಿಮವು ಕ್ರೂರವಾದುದು, ನಿಜ. ಆದರೆ ಅದು ಬರುವುದೆಂದು ಎಲ್ಲರಿಗೂ ತಿಳಿದಿರುತ್ತದೆ. ಆ ವೇಳೆಗೆ ಕುರಿಗಾಹಿಗಳು ತಮ್ಮ ಮಂದೆಗಳೊಡನೆ ಕೆಳಗಿನ ಹುಲ್ಲುಗಾವಲಿಗೆ ಇಳಿದಿರುತ್ತಾರೆ. ಎತ್ತರದ ದಾರಿಗಳು ಮುಚ್ಚಿರುತ್ತವೆ. ಮನೆಗಳಲ್ಲಿ ಸೌದೆಯೂ ಧಾನ್ಯವೂ ಕೂಡಿರುತ್ತವೆ. ಮೇಲೇರುವ ಅಲ್ಪಸ್ವಲ್ಪ ಜನರೂ ಚಳಿಗೆ ತಕ್ಕ ಉಡುಪು ಧರಿಸಿಯೇ ಏರುತ್ತಾರೆ. ಅಕಾಲದ ಹಿಮವು ಹಾಗಲ್ಲ. ಅದು ಬೀಳುವಾಗ ದಾರಿಗಳ ತುಂಬ ಜನರಿರುತ್ತಾರೆ, ಹುಲ್ಲುಗಾವಲುಗಳಲ್ಲಿ ದನಕರುಗಳಿರುತ್ತವೆ, ಚೀಲಗಳಲ್ಲಿ ಬೇಸಗೆಯ ಬಟ್ಟೆಗಳಿರುತ್ತವೆ. ಹಾನಿಯು ಹಿಮದ ಪ್ರಮಾಣದಿಂದ ಮಾತ್ರ ಆಗುವುದಲ್ಲ. ಸಿದ್ಧತೆಯ ಅಭಾವದಿಂದಲೂ ಆಗುತ್ತದೆ.

ಕಾಶ್ಮೀರದ ಸೇಬಿನ ತೋಟಗಳು ಈ ಸತ್ಯವನ್ನು ಮೌನವಾಗಿ ಸಾರಿವೆ. ೨೦೧೮ರ ನವೆಂಬರ್ ಮೊದಲ ವಾರದಲ್ಲಿಯೂ, ಮರುವರ್ಷ ೨೦೧೯ರ ನವೆಂಬರ್ ಮೊದಲ ವಾರದಲ್ಲಿಯೂ ಅಲ್ಲಿ ಭಾರಿ ಹಿಮ ಬಿದ್ದಿತು. ಅದಕ್ಕಿಂತ ಹೆಚ್ಚಿನ ಹಿಮವನ್ನು ಜನವರಿಯಲ್ಲಿ ಹೊತ್ತು ನಿಲ್ಲುವ ಅವೇ ಮರಗಳು ನವೆಂಬರಿನಲ್ಲಿ ಸೀಳಿ ನೆಲಕ್ಕುರುಳಿದವು. ಕಾರಣವಿಷ್ಟೆ: ಜನವರಿಯಲ್ಲಿ ಮರವು ಎಲೆಯುದುರಿಸಿ ಬರಿದಾಗಿರುತ್ತದೆ, ಹಿಮವು ಕೊಂಬೆಗಳ ನಡುವಿನಿಂದ ಜಾರಿ ಬೀಳುತ್ತದೆ. ನವೆಂಬರ್ ಆರಂಭದಲ್ಲಿ ಎಲೆಗಳಿನ್ನೂ ಉದುರಿರುವುದಿಲ್ಲ. ಒಂದೊಂದು ಎಲೆಯೂ ಅಂಗೈಯಂತೆ ಹಿಮವನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೊನೆಗೆ ಭಾರ ತಾಳದೆ ಕೊಂಬೆಯೇ ಮುರಿಯುತ್ತದೆ. ವರ್ಷಗಟ್ಟಲೆ ಸಾಕಿ ಬೆಳೆಸಿದ ಮರಗಳು ಒಂದೇ ರಾತ್ರಿಯಲ್ಲಿ ಹಾಳಾದುದನ್ನು ಕಂಡ ರೈತರ ದುಃಖವು ಹೇಳತೀರದು. ಮರಕ್ಕೆ ತನ್ನ ಎಲೆಗಳನ್ನು ಬೇಗನೆ ಇಳಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಮನುಷ್ಯನಿಗೆ ಇದೆ. ತನ್ನ ಹೊರೆಯನ್ನೂ ಹಟವನ್ನೂ ಬೇಕಾದಾಗ ಇಳಿಸಿಡಬಲ್ಲ ಪ್ರಾಣಿಯು ಅವನೊಬ್ಬನೇ.

ಇಂತಹ ಬಿರುಗಾಳಿಗಳು ಎಲ್ಲಿಂದ ಬರುತ್ತವೆ? ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಪೂರ್ವಾಭಿಮುಖವಾಗಿ ಸಾಗಿ ಬರುವ ಗಾಳಿಯ ಅಲೆಗಳನ್ನು ಹವಾಮಾನ ಶಾಸ್ತ್ರಜ್ಞರು ಪಶ್ಚಿಮದ ಕ್ಷೋಭೆಗಳೆಂದು ಕರೆಯುತ್ತಾರೆ. ಚಳಿಗಾಲದಲ್ಲಿ ಪಶ್ಚಿಮ ಹಿಮಾಲಯಕ್ಕೆ ಹಿಮ ಸುರಿಸುವವು ಮುಖ್ಯವಾಗಿ ಇವೇ. ಇನ್ನೊಂದು ಮೂಲವು ಬಂಗಾಳ ಕೊಲ್ಲಿಯದು. ಅಕ್ಟೋಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಅಲ್ಲಿ ಚಂಡಮಾರುತಗಳು ಹುಟ್ಟುತ್ತವೆ. ಅವು ಕರಾವಳಿಯನ್ನು ಅಪ್ಪಳಿಸಿದ ಬಳಿಕ ಗಾಳಿಯ ರಭಸವು ಕುಂದುತ್ತದೆ. ಪತ್ರಿಕೆಗಳಲ್ಲಿ ಸುದ್ದಿಯೂ ಕುಂದುತ್ತದೆ. ಆದರೆ ಹೊತ್ತು ತಂದ ತೇವವು ಎಲ್ಲಿಯೂ ಹೋಗಿರುವುದಿಲ್ಲ. ಅದು ಒಳನಾಡಿನ ಮೇಲೆ ಉತ್ತರಕ್ಕೆ ಸಾಗಿ, ಪಶ್ಚಿಮದಿಂದ ಬಂದ ತಂಪು ಗಾಳಿಯನ್ನು ಸಂಧಿಸಿದರೆ, ಪರ್ವತದ ಗೋಡೆಗೆ ತಾಗಿ ಮೇಲೇರಿ ಹಿಮವಾಗಿ ಸುರಿಯುತ್ತದೆ. ಕಡಲತೀರದ ಮೀನುಗಾರನ ಮನೆಯನ್ನು ಕೆಡವಿದ ಮೋಡವೇ ಎರಡು ದಿನಗಳ ತರುವಾಯ ಹಿಮಾಲಯದ ಕುರಿಗಾಹಿಯ ಪ್ರಾಣವನ್ನೂ ಕೊಳ್ಳಬಲ್ಲುದು.

೨೦೧೪ರ ಅಕ್ಟೋಬರಿನಲ್ಲಿ ಆದುದು ಇದೇ. ಹುದ್‌ಹುದ್ ಎಂಬ ಹೆಸರಿನ ಚಂಡಮಾರುತವು ಆ ತಿಂಗಳ ೧೨ರಂದು ವಿಶಾಖಪಟ್ಟಣದ ಬಳಿ ನೆಲವನ್ನು ಮುಟ್ಟಿತು. ಆ ನಗರಕ್ಕೆ ಮುನ್ನೆಚ್ಚರಿಕೆಯು ಸಾಕಷ್ಟು ಮೊದಲೇ ದೊರೆತಿದ್ದಿತು. ಕರಾವಳಿಯ ಲಕ್ಷಾಂತರ ಜನರನ್ನು ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿದ್ದಿತು. ಅದೇ ಚಂಡಮಾರುತದ ಶೇಷವು ಉತ್ತರಕ್ಕೆ ನಡೆದು ೧೪ರಂದು ನೇಪಾಳದ ಅನ್ನಪೂರ್ಣಾ ಮತ್ತು ಧವಳಗಿರಿ ಪ್ರದೇಶಗಳ ಮೇಲೆ ಎರಗಿತು. ಅಲ್ಲಿ ತೋರೋಂಗ್ ಲಾ ಎಂಬ ಕಣಿವೆದಾರಿಯಿದೆ. ಅದರ ಎತ್ತರ ೫,೪೧೬ ಮೀಟರು. ಒಂದು ಬದಿಯಲ್ಲಿ ಮನಾಂಗ್ ಸೀಮೆ, ಮತ್ತೊಂದು ಬದಿಯ ಇಳಿಜಾರಿನ ಬುಡದಲ್ಲಿ ಹಿಂದೂಗಳಿಗೂ ಬೌದ್ಧರಿಗೂ ಪವಿತ್ರವಾದ ಮುಕ್ತಿನಾಥ ಕ್ಷೇತ್ರ. ಚಾರಣದ ಋತುವು ಅತ್ಯಂತ ಬಿರುಸಾಗಿರುವ ವಾರವದು. ಬೆಳಗಿನ ಜಾವದಲ್ಲಿ ಎದ್ದು ಕಣಿವೆಯನ್ನು ದಾಟಿ ಮಧ್ಯಾಹ್ನದೊಳಗೆ ಮುಕ್ತಿನಾಥಕ್ಕೆ ಇಳಿಯುವುದು ಅಲ್ಲಿನ ವಾಡಿಕೆ. ಆ ದಿನವೂ ನೂರಾರು ಮಂದಿ ಹಾಗೆಯೇ ಹೊರಟರು. ಹಿಮವು ಬೀಳುತ್ತಲೇ ಇದ್ದಿತು. ಸುಮಾರು ಅರ್ಧ ದಿನದೊಳಗೆ ಕೆಲವೆಡೆ ಆಳೆತ್ತರದಷ್ಟು ಹಿಮ ಸೇರಿತೆಂದು ವರದಿಯಾಗಿದೆ. ಆ ವಿಪತ್ತಿನಲ್ಲಿ ಕಡಿಮೆಯೆಂದರೂ ೪೩ ಮಂದಿ ಪ್ರಾಣ ಕಳೆದುಕೊಂಡರು. ಐನೂರಕ್ಕೂ ಹೆಚ್ಚು ಜನರನ್ನು ಮುಂದಿನ ದಿನಗಳಲ್ಲಿ ಹೆಲಿಕಾಪ್ಟರ್‌ಗಳ ಮೂಲಕವೂ ಕಾಲ್ನಡಿಗೆಯಲ್ಲಿಯೂ ಪಾರುಮಾಡಲಾಯಿತು.

ಒಂದೇ ಚಂಡಮಾರುತ. ಅದರ ಒಂದು ತುದಿಯಲ್ಲಿ ಎಚ್ಚರಿಕೆ ತಲಪಿದ ಜನ. ಮತ್ತೊಂದು ತುದಿಯಲ್ಲಿ ಎಚ್ಚರಿಕೆ ತಲಪದ ಜನ. ಇವೆರಡರ ನಡುವೆ ಪೂರ್ತಿ ಎರಡು ದಿನಗಳ ಅಂತರವಿದ್ದಿತು. ಹಾಗಾದರೆ ಆ ೪೩ ಮಂದಿಯ ಸಾವನ್ನು ಕೇವಲ ದೈವಕೋಪವೆಂದು ಕರೆದು ಕೈತೊಳೆದುಕೊಳ್ಳಲು ಬರುತ್ತದೆಯೇ? ಬಿರುಗಾಳಿಯು ಪ್ರಕೃತಿಯದು, ಆದರೆ ಸುದ್ದಿಯು ಬೆಟ್ಟದ ಮೇಲಿನ ವಸತಿಗೃಹಕ್ಕೆ ಏರದೆ ಉಳಿದುದು ಪ್ರಕೃತಿಯ ಕೆಲಸವಲ್ಲ. ತಿಳಿದವನು ತಿಳಿಯದವನಿಗೆ ತಿಳಿಸಬೇಕಾದುದು ಧರ್ಮ. ಆ ಧರ್ಮಕ್ಕೆ ಒಬ್ಬ ವ್ಯಕ್ತಿಯ ಸಜ್ಜನಿಕೆ ಮಾತ್ರ ಸಾಲದು. ಸುದ್ದಿಯನ್ನು ಕೊನೆಯ ಗುಡಿಸಲಿನವರೆಗೂ ಒಯ್ಯುವ ವ್ಯವಸ್ಥೆಯೂ ಬೇಕು. ಆ ದುರಂತದ ಅನಂತರ ನೇಪಾಳದ ಅಂದಿನ ಪ್ರಧಾನಿ ಸುಶೀಲ್ ಕೊಯಿರಾಲಾ ಅವರು ಮುನ್ಸೂಚನೆಯ ವ್ಯವಸ್ಥೆಯೊಂದು ಅಗತ್ಯವೆಂದು ಹೇಳಿದುದು ಇದೇ ಕಾರಣದಿಂದ.

ಇದು ಹೊಸ ಪಾಠವೂ ಆಗಿರಲಿಲ್ಲ. ೧೯೯೫ರ ನವೆಂಬರಿನಲ್ಲಿ ಬಂಗಾಳ ಕೊಲ್ಲಿಯ ಇನ್ನೊಂದು ಚಂಡಮಾರುತವು ಹೀಗೆಯೇ ನೇಪಾಳದ ಪೂರ್ವಭಾಗದ ಮೇಲೆ ಹಿಮ ಸುರಿಸಿದಾಗ, ಎವರೆಸ್ಟ್ ಸೀಮೆಯ ಗೋಕ್ಯೋ ಕಣಿವೆಯಲ್ಲಿ ಹಿಮರಾಶಿಯು ಕುಸಿದು ಒಂದು ವಸತಿಗೃಹವನ್ನೇ ಹೂತುಹಾಕಿತ್ತು. ೧೩ ಮಂದಿ ಜಪಾನೀ ಚಾರಣಿಗರೂ ಅವರೊಡನಿದ್ದ ನೇಪಾಳೀ ಸಹಾಯಕರೂ ಅಲ್ಲಿ ಮಡಿದರು. ಅಂದಿಗೂ ೨೦೧೪ಕ್ಕೂ ನಡುವೆ ಸುಮಾರು ಎರಡು ದಶಕಗಳು ಕಳೆದಿದ್ದವು. ಒಂದು ತಲೆಮಾರಿನ ದುಃಖವು ಮುಂದಿನ ತಲೆಮಾರಿಗೆ ತಿಳಿವಳಿಕೆಯಾಗಿ ದಾಟದಿದ್ದರೆ ಅದು ಮತ್ತೆ ದುಃಖವಾಗಿಯೇ ಮರಳಿ ಬರುತ್ತದೆ.

ಎತ್ತರದಲ್ಲಿ ಹಿಮಬಿರುಗಾಳಿಗೆ ಸಿಲುಕಿದ ಮನುಷ್ಯನಿಗೆ ನಿಜವಾಗಿ ಏನಾಗುತ್ತದೆ ಎಂಬುದನ್ನು ಬಯಲುಸೀಮೆಯ ಓದುಗರು ಅರಿತಿರುವುದು ಒಳಿತು. ಸಾವಿರ ಮೀಟರು ಮೇಲೇರಿದಂತೆಲ್ಲ ಗಾಳಿಯ ಉಷ್ಣತೆಯು ಸರಾಸರಿ ೬.೫ ಡಿಗ್ರಿಗಳಷ್ಟು ಇಳಿಯುತ್ತದೆ. ತೋರೋಂಗ್ ಲಾದ ಎತ್ತರದಲ್ಲಿ ಗಾಳಿಯ ಒತ್ತಡವು ಕಡಲಮಟ್ಟದಲ್ಲಿರುವುದರ ಅರ್ಧದಷ್ಟೇ ಇರುತ್ತದೆ. ಆದುದರಿಂದ ಪ್ರತಿ ಉಸಿರಿನಲ್ಲಿ ದೊರೆಯುವ ಪ್ರಾಣವಾಯುವೂ ಅರ್ಧದಷ್ಟೇ. ಬೀಸುವ ಗಾಳಿಯು ಮೈಯ ಶಾಖವನ್ನು ಕಿತ್ತೊಯ್ಯುತ್ತದೆ. ಬಟ್ಟೆ ತೊಯ್ದರೆ ಅಪಾಯವು ಹಲವು ಪಟ್ಟು ಹೆಚ್ಚುತ್ತದೆ, ಏಕೆಂದರೆ ನೀರು ಗಾಳಿಗಿಂತ ಸುಮಾರು ೨೫ ಪಟ್ಟು ವೇಗವಾಗಿ ಶಾಖವನ್ನು ಸಾಗಿಸಿಬಿಡುತ್ತದೆ. ಊರಿನಲ್ಲಿ ಹಿತವೆನಿಸುವ ಹತ್ತಿಯ ಬಟ್ಟೆಯು ಅಲ್ಲಿ ಒದ್ದೆಯಾಗಿ ಮೈಗಂಟಿಕೊಂಡು ಶತ್ರುವಾಗುತ್ತದೆ.

ಮನುಷ್ಯನ ದೇಹದ ಒಳ ಉಷ್ಣತೆಯು ೩೭ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರಬೇಕು. ಅದು ೩೫ಕ್ಕಿಂತ ಕೆಳಗಿಳಿದರೆ ಶೀತಾಘಾತವು ಆರಂಭವಾಯಿತೆಂದು ವೈದ್ಯರು ಹೇಳುತ್ತಾರೆ. ಮೊದಲು ನಡುಕ, ಬಳಿಕ ಕಾಲು ಎಡವುವುದು, ಮಾತು ತೊದಲುವುದು, ಕೈಬೆರಳುಗಳು ಗುಂಡಿ ಹಾಕಲೂ ಬಾರದಂತಾಗುವುದು. ಉಷ್ಣತೆಯು ಇನ್ನೂ ಇಳಿದರೆ ನಡುಕವು ನಿಂತುಹೋಗುತ್ತದೆ. ನೋಡುವವರಿಗೆ ಅದು ಸುಧಾರಣೆಯಂತೆ ಕಾಣಬಹುದು. ವಾಸ್ತವವಾಗಿ ಅದು ದೇಹವು ಸೋಲೊಪ್ಪಿದ ಗುರುತು. ಕೆಲವರು ಆ ಹಂತದಲ್ಲಿ ಸೆಖೆಯಾಗುತ್ತಿದೆಯೆಂದು ಭ್ರಮಿಸಿ ಮೈಮೇಲಿನ ಬಟ್ಟೆಗಳನ್ನೂ ಕಳಚುವುದುಂಟು. ಎಲ್ಲಕ್ಕಿಂತ ಭಯಾನಕವಾದುದು ಇನ್ನೊಂದಿದೆ. ಚಳಿಯು ಕೈಕಾಲುಗಳೊಡನೆ ವಿವೇಚನೆಯನ್ನೂ ಹಿಡಿದುಬಿಡುತ್ತದೆ. ಮುಂದೆ ಹೋಗಬೇಕೆ, ನಿಲ್ಲಬೇಕೆ, ಹಿಂದಿರುಗಬೇಕೆ ಎಂಬ ನಿರ್ಧಾರವನ್ನು ಮಾಡಬೇಕಾದ ಮಿದುಳೇ ಆ ನಿರ್ಧಾರವು ಅತ್ಯಗತ್ಯವಾದ ಗಳಿಗೆಯಲ್ಲಿ ಮಂಕಾಗಿರುತ್ತದೆ. ಆದುದರಿಂದ ಬೆಟ್ಟದ ಮೇಲಿನ ವಿವೇಕವನ್ನು ಬೆಟ್ಟದ ಮೇಲೆ ಹುಡುಕಲಾಗದು. ಅದನ್ನು ಕೆಳಗಿನಿಂದಲೇ ಹೊತ್ತೊಯ್ಯಬೇಕು.

ಹೊಸ ಹಿಮವು ದಾರಿಯನ್ನೂ ನುಂಗುತ್ತದೆ. ನೆಲಕ್ಕೂ ಆಕಾಶಕ್ಕೂ ಭೇದವೇ ತೋರದಂತಹ ಬಿಳುಪು ಎಲ್ಲೆಡೆ ಕವಿಯುತ್ತದೆ. ಋತುವಿನ ಮೊದಲ ಹಿಮವು ಬಂಡೆಗಳ ನಡುವಿನ ಸಂದುಗಳನ್ನು ತೆಳುವಾಗಿ ಮುಚ್ಚುವುದರಿಂದ ಕಾಲಿಟ್ಟಲ್ಲಿ ಕುಸಿಯುತ್ತದೆ. ೩೦ರಿಂದ ೪೫ ಡಿಗ್ರಿಗಳ ಇಳಿಜಾರುಗಳಲ್ಲಿ ರಾಶಿಬಿದ್ದ ಹಿಮವು ಇನ್ನೂ ಗಟ್ಟಿಯಾಗಿರುವುದಿಲ್ಲ. ಬಿರುಗಾಳಿಯ ವೇಳೆಯಲ್ಲಿ ಮತ್ತು ಅದು ನಿಂತ ಮೊದಲ ದಿನದಲ್ಲಿ ಕುಸಿತದ ಸಂಭವವು ಬಹಳ. ಮರುದಿನ ಬಿಸಿಲು ಬಂದಿತೆಂದು ಉತ್ಸಾಹದಿಂದ ಹೊರಡುವವರು ಇದನ್ನು ಮರೆಯಬಾರದು. ಆಕಾಶವು ತಿಳಿಯಾದ ಮಾತ್ರಕ್ಕೆ ಇಳಿಜಾರು ಶಾಂತವಾಯಿತೆಂದು ಅರ್ಥವಲ್ಲ.

ತೋರೋಂಗ್ ಲಾದ ನೆತ್ತಿಯಲ್ಲಿ ಕಲ್ಲಿನಿಂದ ಕಟ್ಟಿದ ಚಹಾದ ಪುಟ್ಟ ಗುಡಿಸಲೊಂದಿದೆ. ಆ ದಿನ ಅದರೊಳಗೆ ಹಿಡಿಸಲಾರದಷ್ಟು ಜನ ಸೇರಿದ್ದರು. ಬದುಕಿ ಬಂದವರು ಹೇಳಿದ ಪ್ರಕಾರ, ಅಲ್ಲಿಂದ ಹಲವರು ಕತ್ತಲಾಗುವುದರೊಳಗೆ ಮುಕ್ತಿನಾಥಕ್ಕೆ ಇಳಿದುಬಿಡಬೇಕೆಂದು ಹೊರಟರು. ಅವರಲ್ಲಿ ಅನೇಕರು ದಾರಿಯಲ್ಲಿಯೇ ಉಳಿದರು. ಇಕ್ಕಟ್ಟಿನಲ್ಲಿ ಒಬ್ಬರನ್ನೊಬ್ಬರು ಒತ್ತಿಕೊಂಡು ರಾತ್ರಿಯನ್ನು ಕಳೆದವರು ಬದುಕಿದರು. ಹೊರಟವರನ್ನು ಮೂರ್ಖರೆಂದು ಇಂದು ಬೆಚ್ಚಗಿನ ಕೋಣೆಯಲ್ಲಿ ಕುಳಿತು ಹೇಳುವುದು ಅನ್ಯಾಯವಾದೀತು. ಅವರ ಮುಂದೆ ಎರಡು ಭಯಗಳಿದ್ದವು. ಅವರು ಒಂದನ್ನು ಆರಿಸಿಕೊಂಡರು, ಅಷ್ಟೆ. ಆದರೆ ಅವರನ್ನು ಆ ಗುಡಿಸಲಿನವರೆಗೆ ತಂದ ನಿರ್ಧಾರವೊಂದಿತ್ತಲ್ಲ, ಮುಂಜಾನೆ ಹಿಮ ಬೀಳುತ್ತಿರುವಾಗಲೇ ಹೊರಡುವ ನಿರ್ಧಾರ, ಅದನ್ನು ಕುರಿತು ಯೋಚಿಸಬೇಕು.

ಆ ನಿರ್ಧಾರವು ಹೇಗೆ ಹುಟ್ಟುತ್ತದೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಯಾವುದೋ ಊರಿನ ಗೃಹಸ್ಥನೊಬ್ಬನು ವರ್ಷವಿಡೀ ಹಣ ಕೂಡಿಸಿ, ರಜೆ ಪಡೆದು, ರೈಲು ವಿಮಾನಗಳ ಟಿಕೆಟ್ಟುಗಳನ್ನು ಕಾದಿರಿಸಿ ಹೊರಟಿದ್ದಾನೆಂದು ಇಟ್ಟುಕೊಳ್ಳಬಹುದು. ಅವನು ದುಡುಕಿನವನಲ್ಲ. ಮನೆಯಲ್ಲಿ ಲೆಕ್ಕ ಬರೆದಿಡುವವನು, ಮಕ್ಕಳನ್ನು ರಸ್ತೆ ದಾಟಿಸುವಾಗ ಎರಡು ಬಾರಿ ನೋಡುವವನು. ಎಂಟು ದಿನ ನಡೆದು ಒಂಬತ್ತನೆಯ ದಿನ ಕಣಿವೆಯ ಬುಡದಲ್ಲಿ ನಿಂತಾಗ ಹಿಮ ಬೀಳಲಾರಂಭಿಸುತ್ತದೆ. ಹಿಂದಿರುಗಿದರೆ ಎಂಟು ದಿನದ ಶ್ರಮವೂ ಕೊಟ್ಟ ಹಣವೂ ವ್ಯರ್ಥ. ಮುಂದೆ ಹೋದರೆ ಕೆಲವೇ ಗಂಟೆಗಳಲ್ಲಿ ಸಾರ್ಥಕತೆ. ಸುತ್ತಲಿನವರೆಲ್ಲ ಹೊರಡುತ್ತಿದ್ದಾರೆ. ತಾನೊಬ್ಬನೇ ಬೇಡವೆಂದರೆ ಅಂಜುಬುರುಕನೆನಿಸಿಕೊಳ್ಳಬೇಕಾದೀತು. ಊರಿಗೆ ಮರಳಿದಾಗ ನೆರೆಹೊರೆಯವರು ಕೇಳುವ ಪ್ರಶ್ನೆಗೆ ಏನು ಉತ್ತರ ಹೇಳುವುದು? ಹೀಗೆ ಖರ್ಚಾಗಿ ಹೋದ ಹಣ, ಮುಂದೆ ದೊರೆಯಬಹುದಾದ ಹೊಗಳಿಕೆ, ಪಕ್ಕದವನ ಹೆಜ್ಜೆ ಇವು ಮೂರೂ ಸೇರಿ ಅವನ ಕಾಲನ್ನು ಎತ್ತಿಡುತ್ತವೆ. ಹಿಮದ ಪ್ರಮಾಣವೆಷ್ಟು, ಗಾಳಿಯ ದಿಕ್ಕು ಯಾವುದು ಎಂಬುದು ಆ ಲೆಕ್ಕದಲ್ಲಿ ಬರುವುದೇ ಇಲ್ಲ.

ಲೋಭವೆಂದರೆ ಹಣದ ಆಸೆಯೆಂದು ಮಾತ್ರ ಜನರು ತಿಳಿಯುತ್ತಾರೆ. ಪಡೆದೇ ತೀರಬೇಕೆಂಬ ಹಟವೆಲ್ಲವೂ ಲೋಭವೇ. ನೋಡಬೇಕಾದ ಶಿಖರವನ್ನು ನೋಡಲೇಬೇಕು, ಮುಗಿಸಬೇಕಾದ ಸುತ್ತನ್ನು ಮುಗಿಸಲೇಬೇಕು ಎಂಬುದೂ ಅದರ ಒಂದು ಮುಖ. ಅದು ಭಕ್ತಿಯ ಅಥವಾ ಸಾಹಸದ ವೇಷವನ್ನು ಧರಿಸಿ ಬರುವುದರಿಂದ ಗುರುತು ಹಿಡಿಯುವುದು ಕಷ್ಟವಾಗುತ್ತದೆ.

ಆದರೂ ಒಂದು ಆಕ್ಷೇಪವನ್ನು ಇಲ್ಲಿ ಎತ್ತಬಹುದು. ಅಪಾಯವಿಲ್ಲದ ಬೆಟ್ಟವಿಲ್ಲ, ಅಪಾಯಕ್ಕೆ ಅಂಜಿ ಮನೆಯಲ್ಲೇ ಕುಳಿತಿದ್ದರೆ ಮನುಷ್ಯನು ಏನನ್ನು ಸಾಧಿಸುತ್ತಿದ್ದನು? ಸ್ವಂತ ಪ್ರಾಣವನ್ನು ಪಣವಾಗಿಡುವ ಹಕ್ಕು ವಯಸ್ಕನಿಗಿಲ್ಲವೇ? ಈ ಮಾತಿನಲ್ಲಿ ಹುರುಳಿದೆ. ಆದರೆ ಬೆಟ್ಟದ ಮೇಲೆ ಯಾರೂ ಸ್ವಂತ ಪ್ರಾಣವನ್ನು ಮಾತ್ರ ಪಣವಾಗಿಡುವುದಿಲ್ಲ. ಚಾರಣಿಗನ ಹಿಂದೆ ಹೊರೆಯಾಳು ಇರುತ್ತಾನೆ, ಮುಂದೆ ಮಾರ್ಗದರ್ಶಿ ಇರುತ್ತಾನೆ, ಅಡುಗೆಯವನಿರುತ್ತಾನೆ, ಹೇಸರಗತ್ತೆಗಳೂ ಕುದುರೆಗಳೂ ಇರುತ್ತವೆ. ಸಂಕಟವೊದಗಿದಾಗ ರಕ್ಷಣೆಗೆ ಧಾವಿಸುವ ಯೋಧರೂ ಗ್ರಾಮಸ್ಥರೂ ಇರುತ್ತಾರೆ. ಇವರಲ್ಲಿ ಯಾರನ್ನೂ ಅವನು ಕೇಳಿ ಪಣಕ್ಕಿಟ್ಟಿರುವುದಿಲ್ಲ.

ಹೊರೆಯಾಳಿನ ಸ್ಥಿತಿಯನ್ನು ವಿಶೇಷವಾಗಿ ಗಮನಿಸಬೇಕು. ೨೦೧೪ರಲ್ಲಿ ಮಡಿದವರು ಪರದೇಶದ ಚಾರಣಿಗರು ಮಾತ್ರವಲ್ಲ. ನೇಪಾಳದ ಮಾರ್ಗದರ್ಶಿಗಳು, ಹೊರೆಯಾಳುಗಳು, ಚಮರೀಮೃಗಗಳನ್ನು ಮೇಯಿಸುವವರೂ ಅವರಲ್ಲಿದ್ದರು. ೨೦೨೧ರ ಅಕ್ಟೋಬರ್ ಮಧ್ಯಭಾಗದಲ್ಲಿ ಉತ್ತರಾಖಂಡ ಮತ್ತು ಹಿಮಾಚಲಗಳ ನಡುವಣ ಲಮ್‌ಖಾಗಾ ಕಣಿವೆದಾರಿಯಲ್ಲಿ ಅಕಾಲದ ಹಿಮವು ಒಂದು ತಂಡವನ್ನು ಬಲಿ ತೆಗೆದುಕೊಂಡಾಗಲೂ ಅಡುಗೆಯವರು ಸತ್ತವರ ಪಟ್ಟಿಯಲ್ಲಿದ್ದರು. ಯಜಮಾನನ ಮೈಮೇಲೆ ಗಾಳಿ ತಡೆಯುವ ಅಂಗಿಯೂ ಕಾಲಿಗೆ ನೀರು ಹೋಗದ ಬೂಟೂ ಇರುವಾಗ, ಅವನ ಹಾಸಿಗೆಯನ್ನೇ ಬೆನ್ನ ಮೇಲೆ ಹೊತ್ತವನು ಹರಿದ ಸ್ವೆಟರಿನಲ್ಲಿ, ತೆಳು ಪಾದರಕ್ಷೆಯಲ್ಲಿ ನಡೆಯುವ ದೃಶ್ಯವು ಹಿಮಾಲಯದ ದಾರಿಗಳಲ್ಲಿ ಅಪರೂಪವಲ್ಲ. ಯಜಮಾನನು ಹಿಂದಿರುಗಿದರೆ ಕಳೆದುಕೊಳ್ಳುವುದು ಒಂದು ರಜೆಯನ್ನು. ಹೊರೆಯಾಳು ಹಿಂದಿರುಗಿದರೆ ಕಳೆದುಕೊಳ್ಳುವುದು ಕೂಲಿಯನ್ನು. ಆದುದರಿಂದ ಬೆಟ್ಟವನ್ನು ಬಲ್ಲವನು ಸುಮ್ಮನಿರುತ್ತಾನೆ. ಬೆಟ್ಟವನ್ನು ಅರಿಯದವನು ಅಪ್ಪಣೆ ಕೊಡುತ್ತಾನೆ. ಈ ವಿಪರ್ಯಾಸವೇ ಅನೇಕ ಸಾವುಗಳ ಬೇರು.

ನೇಪಾಳ ಸರ್ಕಾರವು ೨೦೨೩ರ ಏಪ್ರಿಲ್‌ನಿಂದ ವಿದೇಶೀ ಚಾರಣಿಗರು ಪರವಾನಗಿ ಹೊಂದಿದ ಮಾರ್ಗದರ್ಶಿಯೊಡನೆಯೇ ಹೋಗಬೇಕೆಂಬ ನಿಯಮವನ್ನು ಹೊರಡಿಸಿತು. ಒಳ್ಳೆಯದೇ. ಆದರೆ ಮಾರ್ಗದರ್ಶಿಯು ಜೊತೆಗಿದ್ದರೆ ಸಾಲದು. ‘ಇಂದು ಬೇಡ’ ಎಂದು ಹೇಳುವ ಅಧಿಕಾರವೂ, ಹಾಗೆ ಹೇಳಿದ ದಿನವೂ ಪೂರ್ಣ ಕೂಲಿ ದೊರೆಯುವುದೆಂಬ ಭರವಸೆಯೂ ಅವನಿಗಿರಬೇಕು. ಬಾಯಿಮುಚ್ಚಿಸಿದ ಮಾರ್ಗದರ್ಶಿಯು ದಾರಿ ತೋರಿಸಲಾರನು.

ಯಾತ್ರೆಗಳನ್ನು ನಡೆಸುವ ಸಂಸ್ಥೆಗಳ ಹೊಣೆಯು ಇನ್ನೂ ದೊಡ್ಡದು. ೧೯೯೬ರ ಆಗಸ್ಟ್ ತಿಂಗಳಿನಲ್ಲಿ ಅಮರನಾಥ ಯಾತ್ರೆಯ ದಾರಿಯಲ್ಲಿ ಅಕಾಲದ ಮಳೆಯೂ ಹಿಮವೂ ಒಟ್ಟಿಗೆ ಸುರಿದವು. ಅದು ಹಿಮ ಬೀಳುವ ತಿಂಗಳೇ ಅಲ್ಲ. ಸುಮಾರು ಒಂದು ಲಕ್ಷ ಜನ ಆ ವೇಳೆಗೆ ದಾರಿಯಲ್ಲಿದ್ದರು. ಗುಹೆಯಿರುವುದು ೩,೮೮೮ ಮೀಟರುಗಳ ಎತ್ತರದಲ್ಲಿ. ದಾರಿಯು ಅದಕ್ಕಿಂತಲೂ ಎತ್ತರದ ಏರನ್ನು ದಾಟಿ ಬರುತ್ತದೆ. ಯಾತ್ರಿಕರಲ್ಲಿ ಅನೇಕರು ವೃದ್ಧರು, ಅನೇಕರು ತೆಳುವಾದ ಹತ್ತಿಬಟ್ಟೆ ಉಟ್ಟವರು. ತಂಗುವ ಸ್ಥಳಗಳು ಆ ಜನಸಂದಣಿಗೆ ಏನೇನೂ ಸಾಲದಾದವು. ೨೪೦ಕ್ಕೂ ಹೆಚ್ಚು ಮಂದಿ ಚಳಿಗೂ ಬಳಲಿಕೆಗೂ ಆಹುತಿಯಾದರು.

ಆ ದುರಂತದ ವಿಚಾರಣೆಗಾಗಿ ನಿತೀಶ್ ಸೇನ್‌ಗುಪ್ತಾ ಅವರ ನೇತೃತ್ವದಲ್ಲಿ ಸಮಿತಿಯೊಂದು ನೇಮಕವಾಯಿತು. ಮುಂದೆ ೨೦೦೦ದಲ್ಲಿ ಕಾಯಿದೆಯ ಮೂಲಕ ಯಾತ್ರೆಗೆಂದೇ ಮಂಡಳಿಯು ರಚಿತವಾಯಿತು. ಇಂದು ಮುಂಗಡ ನೋಂದಣಿ, ವೈದ್ಯರ ಪ್ರಮಾಣಪತ್ರ, ವಯೋಮಿತಿ, ದಿನವೊಂದಕ್ಕೆ ಇಂತಿಷ್ಟೇ ಜನ ಎಂಬ ನಿಯಮಗಳಿವೆ. ಹವೆ ಕೆಟ್ಟಾಗ ಯಾತ್ರೆಯನ್ನು ತಡೆಹಿಡಿಯುವುದೂ ಉಂಟು. ಆಗೆಲ್ಲ ಯಾತ್ರಿಕರು ಗೊಣಗುತ್ತಾರೆ. ತಡೆದವರ ಭಕ್ತಿಯನ್ನೇ ಸಂಶಯಿಸುವವರೂ ಇದ್ದಾರೆ. ಆದರೆ ಆ ಪ್ರತಿಯೊಂದು ನಿಯಮದ ಹಿಂದೆಯೂ ೧೯೯೬ರ ಆ ರಾತ್ರಿಗಳಿವೆ. ನಿಯಮವು ಭಕ್ತಿಗೆ ವಿರೋಧಿಯಲ್ಲ. ಬಂದ ಭಕ್ತನು ಮನೆಗೆ ಮರಳಬೇಕೆಂಬ ಕಾಳಜಿಯು ಬರವಣಿಗೆಯ ರೂಪ ತಾಳಿದರೆ ಅದೇ ನಿಯಮವಾಗುತ್ತದೆ.

ಕನ್ನಡ ನಾಡಿಗೂ ಈ ನೋವು ದೂರದ್ದಲ್ಲ. ೨೦೨೪ರ ಜೂನ್ ಮೊದಲ ವಾರದಲ್ಲಿ ಉತ್ತರಾಖಂಡದ ಸಹಸ್ರತಾಲ್ ಸರೋವರದ ದಾರಿಯಲ್ಲಿ ಕರ್ನಾಟಕದಿಂದ ಹೋಗಿದ್ದ ಚಾರಣಿಗರ ತಂಡವು ಹಠಾತ್ತಾದ ಹಿಮಬಿರುಗಾಳಿಗೆ ಸಿಲುಕಿ ಒಂಬತ್ತು ಮಂದಿ ಮರಣ ಹೊಂದಿದರು. ವಾಯುಸೇನೆಯ ಹೆಲಿಕಾಪ್ಟರುಗಳೂ ರಾಜ್ಯದ ರಕ್ಷಣಾ ಪಡೆಯೂ ಉಳಿದವರನ್ನು ಪಾರುಮಾಡಿದವು. ಅದು ಋತುವಿನ ಆರಂಭದ ಹಿಮವಲ್ಲ. ಮುಗಿದುಹೋಯಿತೆಂದು ಎಣಿಸಿದ್ದ ಹಿಮವು ಬೇಸಗೆಯಲ್ಲಿ ಮರಳಿ ಬಂದುದು. ಆದರೆ ಪಾಠವು ಒಂದೇ: ನಾಲ್ಕು ಸಾವಿರ ಮೀಟರುಗಳ ಮೇಲೆ ಪಂಚಾಂಗದ ಋತುಗಳು ನಡೆಯುವುದಿಲ್ಲ. ಅಲ್ಲಿ ವರ್ಷದ ಯಾವ ದಿನವೂ ಚಳಿಗಾಲವಾಗಬಹುದು. ಸತ್ತವರ ಮನೆಗಳಲ್ಲಿ ಇಂದಿಗೂ ಆರದ ದುಃಖವಿರುವಾಗ ತಪ್ಪು ಯಾರದೆಂದು ಇಲ್ಲಿ ತೂಗಿ ನೋಡುವುದು ಉಚಿತವಲ್ಲ. ಮುಂದೆ ಹೋಗುವವರು ಸುರಕ್ಷಿತವಾಗಿ ಮರಳಲೆಂಬ ಆಶಯವೇ ಅಗಲಿದವರಿಗೆ ಸಲ್ಲುವ ಗೌರವ.

ಹಾಗಾದರೆ ಮಾಡಬೇಕಾದುದೇನು? ಅದು ಗಹನವಾದುದೇನಲ್ಲ. ಹೊರಡುವ ಮುನ್ನವೇ, ಮನಸ್ಸು ತಿಳಿಯಾಗಿರುವಾಗ, ಯಾವ ಸ್ಥಿತಿಯಲ್ಲಿ ಹಿಂದಿರುಗಬೇಕೆಂಬುದನ್ನು ತಂಡದವರೆಲ್ಲ ಕುಳಿತು ಗೊತ್ತುಪಡಿಸಿಕೊಳ್ಳಬೇಕು. ಇಂತಿಷ್ಟು ಗಂಟೆಯೊಳಗೆ ನೆತ್ತಿಯನ್ನು ಮುಟ್ಟದಿದ್ದರೆ ಇಳಿಯುವುದು. ಹಿಂದಿನ ರಾತ್ರಿ ಹಿಮ ಬಿದ್ದಿದ್ದರೆ ಹೊರಡದಿರುವುದು. ಒಬ್ಬನು ತೊದಲತೊಡಗಿದರೆ ಎಲ್ಲರೂ ನಿಲ್ಲುವುದು. ಪ್ರಯಾಣದ ಕಾಲಪಟ್ಟಿಯಲ್ಲಿ ಎರಡು ಮೂರು ದಿನಗಳನ್ನು ಬರಿದಾಗಿ ಬಿಟ್ಟಿರಬೇಕು, ಏಕೆಂದರೆ ಬಿಡುವಿಲ್ಲದ ಕಾಲಪಟ್ಟಿಯೇ ಮೊದಲ ಅಪಾಯ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೆದ್ದ ಸುದ್ದಿಯನ್ನು ಬೆಟ್ಟದ ಬುಡದಲ್ಲಿರುವವರೂ ಕಿವಿಗೊಟ್ಟು ಕೇಳಬೇಕು. ಗಾಳಿ ಮತ್ತು ನೀರನ್ನು ತಡೆಯುವ ಹೊರ ಉಡುಪು, ಒಣಗಿದ ಉಣ್ಣೆಯ ಬಟ್ಟೆ, ಟಾರ್ಚು, ಒಂದು ದಿನಕ್ಕೆ ಹೆಚ್ಚಾಗುವ ಆಹಾರ ಇವು ಆಕಾಶವೆಷ್ಟೇ ನೀಲಿಯಾಗಿದ್ದರೂ ಚೀಲದಲ್ಲಿರಬೇಕು. ಹಿಮ ಬಿದ್ದ ಮೇಲೆ ಸಿಕ್ಕ ಆಸರೆಯನ್ನು ಬಿಟ್ಟು ಕತ್ತಲೆಯಲ್ಲಿ ಇಳಿಯಬಾರದು.

ಇವೆಲ್ಲಕ್ಕೂ ಮಿಗಿಲಾಗಿ ಯಜಮಾನನಿಗಿರುವ ಪ್ರತಿಯೊಂದು ಉಡುಪೂ ಹೊರೆಯಾಳಿಗಿದೆಯೇ ಎಂದು ಹೊರಡುವ ಮೊದಲು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಕೊಡಿಸಿ ಹೊರಡಬೇಕು. ಅವನ ಹೆಸರಿನಲ್ಲಿ ವಿಮೆಯಿದೆಯೇ ಎಂದು ವಿಚಾರಿಸಬೇಕು. ಹಿಂದಿರುಗಿದರೂ ಕೂಲಿಯು ಪೂರ್ತಿ ಸಲ್ಲುವುದೆಂದು ಮೊದಲೇ ಎಲ್ಲರೆದುರು ಹೇಳಬೇಕು. ಈ ಒಂದು ಮಾತಿನಿಂದ ಬೆಟ್ಟವನ್ನು ಬಲ್ಲವನ ನಾಲಿಗೆಗೆ ಸ್ವಾತಂತ್ರ್ಯ ಬರುತ್ತದೆ. ಎಲ್ಲರ ಪ್ರಾಣಕ್ಕೂ ರಕ್ಷಣೆಯಾಗುತ್ತದೆ.

ಯಾತ್ರಾ ತಂಡಗಳನ್ನು ಕಳುಹಿಸುವ ವಿಶ್ವಸ್ತ ಮಂಡಳಿಗಳು ಇನ್ನೊಂದನ್ನು ಮಾಡಬಹುದು. ನಡುದಾರಿಯಿಂದ ಮರಳಿದವರಿಗೆ ಮುಂದಿನ ವರ್ಷದ ಯಾತ್ರೆಯಲ್ಲಿ ಹೆಚ್ಚಿನ ಹಣ ಕೇಳದೆ ಸ್ಥಳ ಕಾದಿರಿಸುವುದಾದರೆ, ಕೊಟ್ಟ ಹಣ ವ್ಯರ್ಥವಾಯಿತೆಂಬ ಸಂಕಟವೇ ಉಳಿಯುವುದಿಲ್ಲ. ಅದಕ್ಕೆ ತಗಲುವ ವೆಚ್ಚವು ಅಲ್ಪ. ಒಬ್ಬ ವೃದ್ಧೆಯು ಹಿಮದಲ್ಲಿ ಒಂದು ಹೆಜ್ಜೆ ಮುಂದಿಡದೆ ಹಿಂದಿರುಗಲು ಆ ಅಲ್ಪ ವೆಚ್ಚವು ಕಾರಣವಾದೀತು.

ಕೊನೆಯ ಹೊಣೆಯು ಮನೆಯಲ್ಲಿ ಉಳಿದವರದು. ಬೆಟ್ಟದಿಂದ ಮರಳಿದವನನ್ನು ‘ನೋಡಿದಿರಾ, ಮುಟ್ಟಿದಿರಾ’ ಎಂದು ಮೊದಲು ಕೇಳುವುದು ಲೋಕದ ರೂಢಿ. ಇಲ್ಲವೆಂದಾಗ ಮುಖದಲ್ಲಿ ಮೂಡುವ ನಿರಾಸೆಯನ್ನು ಅವನು ಗಮನಿಸುತ್ತಾನೆ. ಆ ನಿರಾಸೆಯನ್ನು ಊಹಿಸಿಕೊಂಡೇ ಎಷ್ಟೋ ಜನ ಹಿಂದಿರುಗಬೇಕಾದ ಜಾಗದಲ್ಲಿ ಮುಂದೆ ನಡೆಯುತ್ತಾರೆ. ಅದರ ಬದಲು, ಕಣಿವೆಯ ಬುಡದಿಂದಲೇ ತಿರುಗಿ ಬಂದವನನ್ನು, ಅವನೊಡನೆ ಹೋದ ಹೊರೆಯಾಳುಗಳೂ ಕ್ಷೇಮವಾಗಿ ತಮ್ಮ ಮನೆಗಳನ್ನು ಸೇರಿದರೇ ಎಂದು ಮನೆಯವರು ಕೇಳುವಂತಾಗಲಿ. ಹೌದು ಎಂದು ಅವನು ಹೇಳಬಲ್ಲನಾದರೆ ಆ ಯಾತ್ರೆಯು ಪೂರ್ಣವಾದಂತೆಯೇ.